ಸತ್ತ ಕೋಳಿ ಕಿರುಚಿದ ಶುಕ್ರವಾರ

ದೋಹಾದ ಮೀನು ಮಾರುಕಟ್ಟೆಗೆ ದೇಜಪ್ಪ ಕಾಲಿಟ್ಟನೆಂದರೆ ಕೆಲವು ವ್ಯಾಪಾರಿಗಳು ನಿನ್ನೆಯ ಮೀನಿನ ಮೇಲೆ ಐಸು ಎಳೆದು ಮುಚ್ಚುತ್ತಿದ್ದರು. ಅವನೇನೂ ಅಧಿಕಾರಿಯಲ್ಲ, ಟ್ರೇಡಿಂಗ್ ಕಂಪನಿಯೊಂದರ ಪಿಕಪ್ ಓಡಿಸುವ ಡ್ರೈವರ್. ಆದರೆ ಅವನ ಬಾಯಿ ಅಂಥದ್ದು. ಬಂಗುಡೆಯ ಕಿವಿರನ್ನು ಬೆರಳಲ್ಲಿ ಎತ್ತಿ ಮೂಸಿ, "ಇದು ಸತ್ತ ಮೀನಲ್ಲ, ಪೆನ್ಶನ್ ತಗೊಂಡ ಮೀನು" ಎಂದು ಹರಕು ಮಲಯಾಳದಲ್ಲಿ ಸಾರಿದರೆ, ಸುತ್ತ ನಿಂತ ಗಿರಾಕಿಗಳೆಲ್ಲ ಚೀಲ ಮಡಚಿಕೊಂಡು ಪಕ್ಕದ ಕಟ್ಟೆಗೆ ಹೋಗುತ್ತಿದ್ದರು.

ಅವನು ಸಸಿಹಿತ್ಲು ಕಡೆಯವನು. ಅಪ್ಪ ರಂಪಣಿ ಬಲೆ ಎಳೆಯುತ್ತಿದ್ದವನು. ದೇಜಪ್ಪ ಐದನೆಯ ಕ್ಲಾಸಿಗೆ ಶಾಲೆ ಬಿಟ್ಟು, ಮಲ್ಪೆಯ ಬೋಟುಗಳಲ್ಲಿ ಕೆಲವು ವರ್ಷ ದುಡಿದು, ಮುಂಬಯಿಯ ಕ್ಯಾಂಟೀನೊಂದರಲ್ಲಿ ತಟ್ಟೆ ತೊಳೆದು, ಕಡೆಗೆ ಯಾರೋ ಏಜೆಂಟನನ್ನು ಹಿಡಿದು ಕತಾರಿಗೆ ಬಂದಿದ್ದ. ಬರುವಾಗ ತಲೆ ತುಂಬ ಕೂದಲಿತ್ತು. ಈಗ ಆ ಜಾಗದಲ್ಲಿ ಕಂಪನಿಯ ಟೋಪಿ ಇತ್ತು. ಹೆಂಡತಿ ಮಕ್ಕಳು ಊರಿನಲ್ಲಿ, ರಜೆ ಎರಡು ವರ್ಷಕ್ಕೊಮ್ಮೆ. ಉಳಿದಂತೆ ಅವನದೆಂದು ಹೇಳಿಕೊಳ್ಳಲು ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಶೇರಿಂಗ್ ರೂಮಿನಲ್ಲಿ ಒಂದು ಮಂಚ, ಮಂಚದಡಿ ಒಂದು ಸೂಟ್‌ಕೇಸು, ಮತ್ತು ಶುಕ್ರವಾರ.

ಶುಕ್ರವಾರದ ಕ್ರಮ ಹೀಗಿತ್ತು. ಬೆಳಗಾಗುವಾಗಲೇ ಅವನು ಮಾರುಕಟ್ಟೆಗೆ ಹೋಗಿ, ಆ ಸುತ್ತಿನ ನಮ್ಮ ಕರಾವಳಿ ಕುಟುಂಬಗಳಿಗೆಲ್ಲ ಮೀನು ಆರಿಸಿ ತರುತ್ತಿದ್ದ. ಸೈಮನ್ ನಡೆಸುತ್ತಿದ್ದ ಗ್ರೋಸರಿಯ ಹಿಂದಿನ ನಲ್ಲಿಯ ಬಳಿ ಕುಕ್ಕರಗಾಲಲ್ಲಿ ಕೂತು, ಊರಿನಿಂದ ತಂದ ಚೂರಿಯಲ್ಲಿ ಎಲ್ಲರ ಮೀನನ್ನೂ ತಾನೇ ಕೊಯ್ದು ಶುಚಿ ಮಾಡಿ ಮನೆಮನೆಗೆ ಮುಟ್ಟಿಸುತ್ತಿದ್ದ. ಕೊನೆಗೆ ಮುಟ್ಟಿಸಿದ ಮನೆಯಲ್ಲಿ ಅವನಿಗೆ ಮಧ್ಯಾಹ್ನದ ಊಟ. ವಾರಕ್ಕೊಂದು ಮನೆಯಂತೆ ಸರದಿ. ಅದು ಕೂಲಿಯಲ್ಲ, ಕೂಲಿ ಎಂದು ಯಾರಾದರೂ ಅಂದಿದ್ದರೆ ಅವನು ಚೂರಿ ತೊಳೆದುಕೊಂಡು ಹೊರಟುಬಿಡುತ್ತಿದ್ದ. ಮೆಸ್ಸಿನಲ್ಲಿ ವಾರವಿಡೀ ಊಟ ಸಿಗುತ್ತಿತ್ತು, ಅಕ್ಕಿಯೂ ಕೆಟ್ಟದಾಗಿರಲಿಲ್ಲ. ಆದರೆ ಮೆಸ್ಸಿನಲ್ಲಿ ಯಾರೂ "ಇನ್ನು ಸ್ವಲ್ಪ ಹಾಕ್ಲಾ?" ಎಂದು ಕೇಳುವುದಿಲ್ಲ. ಆ ಒಂದು ಮಾತು ಕೇಳಿಸುತ್ತಿದ್ದದ್ದು ಶುಕ್ರವಾರ ಮಾತ್ರ.

ಆ ಶುಕ್ರವಾರಕ್ಕೇ ಕುತ್ತು ಬಂದದ್ದು ತೊಂಬತ್ತೆಂಟರ ಮೇ ತಿಂಗಳಲ್ಲಿ. ಮೊದಲು ಇಂಡಿಯಾ ಪೋಖ್ರಾನಿನಲ್ಲಿ ಅಣುಬಾಂಬು ಹೊಟ್ಟಿಸಿತು. ಎರಡು ವಾರ ಕಳೆದ ಮೇಲೆ ಪಾಕಿಸ್ತಾನ ಬಲೂಚಿಸ್ತಾನದ ಚಾಗೈ ಬೆಟ್ಟದಲ್ಲಿ ಹೊಟ್ಟಿಸಿತು. ಕಂಪನಿಯ ಶೆಡ್ಡಿನಲ್ಲಿ ಎರಡೂ ದೇಶದ ಡ್ರೈವರುಗಳು ಎಂದಿನಂತೆ ಒಂದೇ ಕೆಟಲಿನ ಚಹಾ ಕುಡಿದರು. "ನಿಮ್ಮದು ಐದು, ನಮ್ಮದು ಆರು" ಎಂದ ಪೇಶಾವರದ ಪಠಾಣ. "ಹಾಗಾದ್ರೆ ಗೆದ್ದವನೇ ಇವತ್ತು ಕಪ್ ತೊಳೀಲಿ" ಎಂದ ದೇಜಪ್ಪ. ಅವನ ಮಟ್ಟಿಗೆ ಅಣುಯುದ್ಧ ಅಲ್ಲಿಗೆ ಖಲಾಸ್.

ಆ ವಾರ ಊಟದ ಸರದಿ ಯಜ್ಞೇಶನ ಮನೆಯದು. ಯಜ್ಞೇಶ್ ಡ್ರಾಫ್ಟ್ಸ್‌ಮನ್, ನೆಟ್ಟಗೆ ಗೆರೆ ಎಳೆದ ಹಾಗೆಯೇ ಮಾತಾಡುವವ, ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವ. ದೇಜಪ್ಪ ಬಂಗುಡೆಯ ಚೀಲ ಹಿಡಿದು ಬಾಗಿಲು ತಟ್ಟಿದರೆ ಅವನು ಹೊಸಿಲಲ್ಲೇ ಅಡ್ಡ ನಿಂತ.

"ದೇಜಪ್ಪಣ್ಣ, ಬೇಜಾರು ಮಾಡ್ಬೇಡಿ. ಮೀನು ಒಳಗೆ ತರುದು ಬೇಡ."

"ಯಾಕೆ ಮಾರಾಯ, ಅದಕ್ಕೆ ವೀಸಾ ಇಲ್ವಾ?"

"ತಮಾಷೆ ಅಲ್ಲ. ಬಾಂಬ್ ಹೊಟ್ಟಿಸಿದ್ರಲ್ಲ, ಆ ಬೂದಿ ಎಲ್ಲಿಗೆ ಹೋಗ್ತದೆ ಹೇಳಿ? ಗಾಳಿಗೆ. ಗಾಳಿಯಿಂದ ಕಡಲಿಗೆ. ಅಲ್ಲಿ ಪಾಚಿಗೆ, ಪಾಚಿ ತಿಂದ ಸಣ್ಣ ಮೀನಿಗೆ, ಅದನ್ನು ತಿಂದ ದೊಡ್ಡ ಮೀನಿಗೆ. ಐವತ್ತನಾಲ್ಕರಲ್ಲಿ ಅಮೆರಿಕದವ್ರು ಬಿಕಿನಿ ಅಂತ ದ್ವೀಪದಲ್ಲಿ ಬಾಂಬ್ ಟೆಸ್ಟ್ ಮಾಡಿದ್ರು. ದೂರದಲ್ಲಿ ಮೀನು ಹಿಡೀತಿದ್ದ ಜಪಾನ್ ಬೋಟಿನ ಮೇಲೆ ಬಿಳಿ ಬೂದಿ ಬಿತ್ತು, ಒಬ್ಬ ಸತ್ತೇಹೋದ. ಆಮೇಲೆ ಬೇರೆ ಬೋಟುಗಳ ಮೀನಲ್ಲೂ ವಿಷ ಸಿಕ್ಕಿತು. ರಾಶಿ ರಾಶಿ ಮೀನನ್ನು ಗುಂಡಿ ತೋಡಿ ಹೂತರು."

"ಅದು ಜಪಾನು. ಇದು ಒಮಾನಿನ ಬಂಗುಡೆ. ಪಾಪ, ಇದಕ್ಕೆ ಪಾಕಿಸ್ತಾನ ಯಾವ ಕಡೆ ಅಂತ್ಲೇ ಗೊತ್ತಿಲ್ಲ."

"ಒಮಾನಿನ ಕಡಲು ಬೇರೆ, ಪಾಕಿಸ್ತಾನದ ಕಡಲು ಬೇರೆ ಉಂಟಾ?"

"ನೆಲದ ಒಳಗೆ ಹೊಟ್ಟಿಸಿದ್ದಂತಲ್ಲ. ಬೂದಿ ಮೇಲೆ ಬರುದಿಲ್ಲ ಅಂತ ನಿನ್ನ ಪೇಪರ್‌ನಲ್ಲೇ ಉಂಟಂತೆ."

"ಹಾಗೆ ಅವ್ರು ಹೇಳ್ತಾರೆ." ಯಜ್ಞೇಶ್ ಹಿಂದಕ್ಕೆ ನೋಡಿ ದನಿ ತಗ್ಗಿಸಿದ. "ದೇಜಪ್ಪಣ್ಣ, ಗ್ರೀಷ್ಮಾಗೆ ಆರನೇ ತಿಂಗಳು. ಅವ್ರು ಹೇಳಿದ್ದು ಸುಳ್ಳಾದ್ರೆ?"

ಯಜ್ಞೇಶನ ಹೆಗಲ ಹಿಂದೆ ಗ್ರೀಷ್ಮಾ ನಿಂತಿದ್ದಳು. ಅವಳ ಕಣ್ಣು ಗಂಡನ ಮೇಲೂ ಇರಲಿಲ್ಲ, ದೇಜಪ್ಪನ ಮೇಲೂ ಇರಲಿಲ್ಲ; ಚೀಲದ ಮೇಲಿತ್ತು.

ಯಜ್ಞೇಶ್ ಒಳ್ಳೆಯ ಮನುಷ್ಯ. ತನ್ನ ಮನೆಗೆ ಕೆಟ್ಟದ್ದು ಇನ್ನೊಬ್ಬರ ಮನೆಗೂ ಬೇಡವೆಂದು ಎಲ್ಲರಿಗೂ ಫೋನ್ ಮಾಡಿ ಹೇಳಿದ. ಮುಂದಿನ ಶುಕ್ರವಾರ ಯಾವ ಮನೆಯವರಿಗೂ ಮೀನು ಬೇಡವಾಯಿತು. ಎಲ್ಲರೂ ಸೈಮನ್‌ನ ಗ್ರೋಸರಿಯ ಫ್ರೋಜನ್ ಕೋಳಿಗೆ ತಿರುಗಿದರು. ಸೈಮನ್ ಖುಷಿಯಲ್ಲಿ ಫ್ರೀಜರಿನ ಮುಚ್ಚಳ ಹಾಕಲಾಗದಷ್ಟು ಕೋಳಿ ತರಿಸಿದ.

ಮೀನಿಲ್ಲದ ಮೇಲೆ ದೇಜಪ್ಪ ಯಾವ ನೆಪದಲ್ಲಿ ಮನೆಗಳ ಬಾಗಿಲು ತಟ್ಟಬೇಕು? ಒಂದು ವಾರ ಕೊತ್ತಂಬರಿ ಸೊಪ್ಪು ಒಯ್ದ. ಇನ್ನೊಂದು ವಾರ "ಗ್ಯಾಸ್ ಮುಗಿದಿದ್ರೆ ಸಿಲಿಂಡರ್ ತಂದು ಕೊಡ್ತೇನೆ" ಎಂದು ಸೈಮನ್‌ನ ಹೆಂಡತಿ ವೆರೋನಿಕಾ ಬಾಯಿಯವರ ಬಾಗಿಲಲ್ಲಿ ನಿಂತ. ಅವರು ಗ್ಯಾಸ್ ಮೊನ್ನೆಯಷ್ಟೇ ಬಂತು ಎಂದು, ತಣ್ಣಗಿನ ಜ್ಯೂಸು ತಂದು ಕೊಟ್ಟರು. ಜ್ಯೂಸು ಚೆನ್ನಾಗಿತ್ತು. ಆದರೆ ಕೊಟ್ಟದ್ದು ಬಾಗಿಲಲ್ಲಿ. ಒಳಗಿನಿಂದ ತಟ್ಟೆಗಳ ಸದ್ದು ಕೇಳುತ್ತಿತ್ತು. ದೇಜಪ್ಪ ಗ್ಲಾಸು ಹಿಂದಿರುಗಿಸಿ ಮೆಸ್ಸಿಗೆ ಹೋಗಿ, ಯಾರೂ ಬಡಿಸದ ಅನ್ನವನ್ನು ತಾನೇ ಬಡಿಸಿಕೊಂಡು ಉಂಡ.

ಹೀಗೆಯೇ ಬಿಟ್ಟರೆ ಮೀನು ಮರೆತ ಹಾಗೆ ತನ್ನನ್ನೂ ಮರೆತುಬಿಡುತ್ತಾರೆ ಎಂದು ಅವನಿಗೆ ಅನ್ನಿಸಿತು.

ಅವನ ಪಕ್ಕದ ಮಂಚದವನು ಫರಂಗಿಪೇಟೆಯ ಸರ್ಫರಾಝ್. ಉಮ್ ಸೈದ್ ಕಡೆ ಪೈಪುಗಳ ವೆಲ್ಡಿಂಗ್ ಸರಿಯಾಗಿದೆಯೋ ಇಲ್ಲವೋ ಎಂದು ಎಕ್ಸ್‌ರೇ ತೆಗೆಯುವ ತಂಡದಲ್ಲಿ ಅವನ ಕೆಲಸ. ಅವರ ಬಳಿ ವಿಕಿರಣ ಎಷ್ಟಿದೆಯೆಂದು ಅಳೆಯುವ ಒಂದು ಮೀಟರ್ ಇತ್ತು. ಟಿಫಿನ್ ಡಬ್ಬಿಯಷ್ಟು ದೊಡ್ಡದು, ವಿಕಿರಣ ಕಂಡರೆ ಟಿಕ್ ಟಿಕ್ ಎನ್ನುವುದು.

"ಅದನ್ನು ಒಂದ್ಸಲ ಯಜ್ಞೇಶನ ಮನೆಗೆ ತಾ ಮಾರಾಯ," ಎಂದ ದೇಜಪ್ಪ. "ಮೀನಿಗೆ ಹಿಡಿದು ತೋರಿಸುವ. ಮೀನು ಸುಮ್ನಿದ್ರೆ ಅವ್ನೂ ಸುಮ್ನಾಗ್ತಾನೆ."

"ನಿಮ್ಮ ಬಂಗುಡೆಗೆ ಎಕ್ಸ್‌ರೇ ಮಾಡ್ಲಿಕ್ಕೆ ಹೋಗಿ ನನ್ನ ಕೆಲ್ಸ ಹೋದ್ರೆ?"

"ಕೆಲ್ಸ ಹೋದ್ರೆ ನಿಂಗೆ ಮೀನು ಕೊಯ್ಲಿಕ್ಕೆ ಕಲಿಸ್ತೇನೆ."

ಸರ್ಫರಾಝ್‌ಗೂ ಮೀನಿಲ್ಲದೆ ನಾಲಗೆ ಸತ್ತಿತ್ತು. ಶುಕ್ರವಾರ ಬೆಳಿಗ್ಗೆ ಶಿಫ್ಟ್ ಮುಗಿಸಿ ಬರುವಾಗ ಮೀಟರನ್ನು ಟವಲಿನಲ್ಲಿ ಸುತ್ತಿ ತಂದ. ಮೀಟರ್ ಸರಿಯಾಗಿ ಕೆಲಸ ಮಾಡುತ್ತಿದೆಯೋ ಎಂದು ನೋಡಲು ಅವನ ತಂಡದವರು ಒಂದು ಉಪಾಯ ಮಾಡಿಕೊಂಡಿದ್ದರು. ಊರಿನ ಮದುವೆ ಚಪ್ಪರದಲ್ಲಿ ಉರಿಯುವ ಗ್ಯಾಸ್‌ಲೈಟಿನ ಮ್ಯಾಂಟಲ್, ಅಂದರೆ ಬಿಳಿ ಬಲೆಬಟ್ಟೆಯ ಪುಟ್ಟ ಚೀಲ, ಅದಕ್ಕೆ ಸವರಿದ ಮದ್ದಿನಲ್ಲಿ ಒಂದಿಷ್ಟು ವಿಕಿರಣ ಇರುತ್ತದೆ. ಸರ್ಫರಾಝ್ ರೂಮಿನಲ್ಲಿ ಒಂದು ಹೊಸ ಮ್ಯಾಂಟಲ್ ತೆಗೆದು ಮೀಟರಿನ ಬಾಯಿಗೆ ಹಿಡಿದ. ಕಾದ ಎಣ್ಣೆಗೆ ಸಾಸಿವೆ ಸುರಿದಂತೆ ಪೆಟ್ಟಿಗೆ ಚಟಪಟ ಕಿರುಚಿತು.

"ಅಬ್ಬ," ಎಂದ ದೇಜಪ್ಪ. ಸರ್ಫರಾಝ್ ಮುಖ ತೊಳೆಯಲು ಹೋದಾಗ ಆ ಮ್ಯಾಂಟಲನ್ನು ಮಡಚಿ ಜೇಬಿಗೆ ಹಾಕಿಕೊಂಡ. ಯಾಕೆ ಎಂದು ಆಗ ಕೇಳಿದ್ದರೆ ಅವನಿಗೂ ಹೇಳಲು ಬರುತ್ತಿರಲಿಲ್ಲ.

ಯಜ್ಞೇಶನ ಅಡುಗೆಮನೆಯಲ್ಲಿ ಆ ದಿನ ನಾಲ್ವರೂ ಸೇರಿದರು. ಗ್ರೀಷ್ಮಾ ಸ್ಟೂಲಿನ ಮೇಲೆ ಕೂತಿದ್ದಳು. ಸಿಂಕಿನಲ್ಲಿ ಸೈಮನ್‌ನ ಕೋಳಿಯೊಂದು ಐಸು ಬಿಡುತ್ತ ಮಲಗಿತ್ತು. ಮೇಜಿನ ಮೇಲೆ ಬಂಗುಡೆಗಳ ತಟ್ಟೆ. ಸರ್ಫರಾಝ್ ಮೀಟರನ್ನು ಮೀನಿನ ಹತ್ತಿರ ತಂದ.

ಟಿಕ್. ಸ್ವಲ್ಪ ಬಿಟ್ಟು ಮತ್ತೆ, ಟಿಕ್.

"ನೋಡಿ, ನೋಡಿ!" ಎಂದ ಯಜ್ಞೇಶ್.

"ಇಷ್ಟು ಎಲ್ಲಾ ಕಡೆ ಬರ್ತದೆ ಭಾಯಿ. ಮಣ್ಣಲ್ಲಿ, ಗೋಡೆಯಲ್ಲಿ, ಆಕಾಶದಿಂದ್ಲೂ ಸ್ವಲ್ಪ. ಬಾಂಬ್ ಇಲ್ಲದಿದ್ರೂ ಬರ್ತದೆ," ಎಂದು ಸರ್ಫರಾಝ್ ಮೀಟರನ್ನು ಮೀನಿನಿಂದ ದೂರ ಹಿಡಿದ. ಅಲ್ಲಿಯೂ ಟಿಕ್. ಹಾಲಿಗೆ ಒಯ್ದ, ಟಿಕ್. ಮಲಗುವ ಕೋಣೆಗೆ ಒಯ್ದ, ಅಲ್ಲಿಯೂ ಟಿಕ್.

ಇದರಿಂದ ಯಜ್ಞೇಶನಿಗೆ ಧೈರ್ಯ ಬರಬೇಕಿತ್ತು. ಆದರೆ ಅವನ ಮುಖ ಸುಣ್ಣದಂತಾಯಿತು. "ಹಾಗಾದ್ರೆ ಮನೆಗೇ ಬಂದಿದೆ! ಗ್ರೀಷ್ಮಾ, ನಿನ್ನನ್ನು ನಾಳೆಯೇ ಊರಿಗೆ ಕಳಿಸ್ತೇನೆ."

"ಊರಲ್ಲೂ ಟಿಕ್ ಅಂತದೆ ಭಾಯಿ..." ಎಂದು ಸರ್ಫರಾಝ್ ಶುರು ಮಾಡಿದ. ಯಾರೂ ಕೇಳಿಸಿಕೊಳ್ಳಲಿಲ್ಲ. ಬಂಗುಡೆ ಮತ್ತೆ ಚೀಲ ಸೇರುವ ಹಾಗೆ ಕಂಡಿತು.

ದೇಜಪ್ಪನ ಕೈಯಲ್ಲಿ ಮೀನು ಒರೆಸುವ ಬಟ್ಟೆಯಿತ್ತು. ಅದು ಯಾವಾಗ ಜೇಬಿನ ಬಳಿ ಹೋಗಿ ಬಂತೋ ಯಾರೂ ಗಮನಿಸಲಿಲ್ಲ. "ಕೊಡು ಇಲ್ಲಿ," ಎಂದು ಅವನು ಸರ್ಫರಾಝನ ಕೈಯಿಂದ ಮೀಟರ್ ತೆಗೆದುಕೊಂಡ. "ಮೀನನ್ನು ಮಾತ್ರ ಯಾಕೆ ವಿಚಾರಣೆ ಮಾಡುದು? ಈ ಕೋಳಿಯನ್ನೂ ಒಂದು ಮಾತು ಕೇಳುವ." ಎಡಗೈಯ ಬಟ್ಟೆಯಿಂದ ಕೋಳಿಯ ಕಾಲು ಹಿಡಿದೆತ್ತಿ, ಬಲಗೈಯ ಮೀಟರನ್ನು ಅಲ್ಲಿಗೇ ಒಯ್ದ.

ಕೋಳಿ ಕಿರುಚಿತು. ಬದುಕಿದ್ದಾಗಲೂ ಅದು ಅಷ್ಟು ಕಿರುಚಿರಲಿಕ್ಕಿಲ್ಲ. ಚಟಪಟ ಚಟಪಟ ಸದ್ದಿಗೆ ಯಜ್ಞೇಶ್ ಎರಡು ಹೆಜ್ಜೆ ಹಿಂದೆ ಹಾರಿ ಫ್ರಿಜ್ಜಿಗೆ ಬೆನ್ನು ಹೊಡೆದುಕೊಂಡ. ಸರ್ಫರಾಝ್ ಬಾಯಿ ತೆರೆದ. ದೇಜಪ್ಪ ಅವನಿಗೆ ಒಂದು ಕಣ್ಣು ಮಿಟುಕಿಸಿದ. ಕಂಪನಿಗೆ ಹೇಳದೆ ತಂದ ಪೆಟ್ಟಿಗೆಯ ನೆನಪಾಗಿ ಸರ್ಫರಾಝ್ ಬಾಯಿ ಮುಚ್ಚಿದ. ಗ್ರೀಷ್ಮಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹೆದರಿದಳೆಂದು ಎಲ್ಲರೂ ತಿಳಿದರು.

"ಮೂರು ವಾರದಿಂದ ಇದನ್ನೇ ತಿಂದದ್ದಾ ನಾವು?" ಎಂದು ಯಜ್ಞೇಶ್ ಕೇಳಿದ.

"ಆದದ್ದು ಆಯ್ತು. ಇದ್ರ ಮುಂದೆ ಮನೆಯ ಟಿಕ್ ಟಿಕ್ ಯಾವ ಲೆಕ್ಕ? ಇನ್ನು ಮೀನು ತಿಂದ್ರೆ ಎಲ್ಲಾ ತೊಳೆದು ಹೋಗ್ತದೆ," ಎಂದು ದೇಜಪ್ಪ ಸಮಾಧಾನ ಹೇಳಿದ.

ಆ ಮಧ್ಯಾಹ್ನ ಗ್ರೀಷ್ಮಾ ಬಂಗುಡೆಯ ಹುಳಿಖಾರದ ಪುಳಿಮುಂಚಿ ಮಾಡಿ, ತಾನೂ ಹೊಟ್ಟೆ ತುಂಬ ಉಂಡಳು. ದೇಜಪ್ಪನ ತಟ್ಟೆಗೆ ತಲೆಯ ತುಂಡು ಬಿತ್ತು, ಬಾಲದ ತುಂಡೂ ಬಿತ್ತು. "ಇನ್ನು ಸ್ವಲ್ಪ ಹಾಕ್ಲಾ ದೇಜಪ್ಪಣ್ಣ?" ಎಂದು ಅವಳು ಕೇಳಿದಾಗ ಅವನು ಎರಡು ಸಲ ಬೇಡವೆಂದು ಮೂರನೆಯ ಸಲ ತಟ್ಟೆ ಒಡ್ಡಿದ. ಲಿಫ್ಟಿನಲ್ಲಿ ಇಳಿಯುವಾಗ ಸರ್ಫರಾಝ್ ಅವನ ಬೆನ್ನಿಗೊಂದು ಗುದ್ದಿದ. "ಸೈತಾನ್ ನೀವು. ಖಂಡಿತ ಸೈತಾನ್." ಆದರೆ ಅವನ ಬಾಯಲ್ಲೂ ಪುಳಿಮುಂಚಿಯ ವಾಸನೆಯಿತ್ತು.

ಮುಂದಿನ ಎರಡು ಶುಕ್ರವಾರ ದೇಜಪ್ಪ ರಾಜ. ಮನೆಗಳ ಬಾಗಿಲು ತಟ್ಟುವ ಮೊದಲೇ ತೆರೆದವು. "ಮೀನಿನದ್ದು ಕ್ಲಿಯರೆನ್ಸ್ ಆಯ್ತು" ಎಂದು ಅವನು ಕಸ್ಟಮ್ಸಿನವರಂತೆ ಹೇಳುತ್ತ ಚೀಲ ಇಳಿಸುತ್ತಿದ್ದ.

ಮೂರನೆಯ ಶುಕ್ರವಾರ ಸರದಿ ವೆರೋನಿಕಾ ಬಾಯಿಯವರದು. ಅಂಜಲ್ ಮೀನಿನ ತುಂಡುಗಳ ಚೀಲ ಹಿಡಿದು ಒಳಗೆ ಹೋದರೆ ಸೈಮನ್ ಸೋಫಾದ ಮೇಲೆ ಬನಿಯನ್ನಿನಲ್ಲಿ ಕೂತಿದ್ದ. ಅದು ಅಂಗಡಿಯಲ್ಲಿ ಇರಬೇಕಾದ ಹೊತ್ತು.

"ಏನು ಸೈಮನ್ ಪೊರ್ಬುಗಳೆ, ಇವತ್ತು ಅಂಗಡಿಗೂ ರಜೆಯಾ?"

ವೆರೋನಿಕಾ ಬಾಯಿ ಅಡುಗೆಮನೆಯಿಂದಲೇ ಹೇಳಿದರು. "ಯಾರೋ ಕೋಳಿಯಲ್ಲಿ ಬಾಂಬಿನ ವಿಷ ಉಂಟು ಅಂತ ಸುದ್ದಿ ಹಬ್ಬಿಸಿದ್ದಾರೆ ದೇಜಪ್ಪಣ್ಣ. ಮಲಯಾಳಿಗಳೂ ಬರುದಿಲ್ಲ, ಫಿಲಿಪಿನೋಗಳೂ ಬರುದಿಲ್ಲ. ಕೋಳಿ ಬೇಡದವ್ರು ಅಕ್ಕಿ ಬೇಳೆಯನ್ನೂ ಬೇರೆ ಕಡೆಯೇ ತಗೊಳ್ತಾರಲ್ಲ. ಅಂಗಡಿಯ ಧಣಿ ಅರಬ ನಿನ್ನೆ ಬಂದು ಫ್ರೀಜರ್ ತೆರೆದು ನೋಡಿದ. 'ಈ ತಿಂಗಳು ಇದು ಖಾಲಿ ಆಗದಿದ್ರೆ ಬೇರೆಯವ್ರಿಗೆ ಅಂಗಡಿ ಕೊಡ್ತೇನೆ, ನಿನ್ನ ವೀಸಾ ಖಲಾಸ್' ಅಂದ. ಹದಿನೈದು ವರ್ಷ ನಿಂತ ಕಾಲಲ್ಲಿ ನಡೆಸಿದ ಅಂಗಡಿ!"

ದೇಜಪ್ಪ ಎಂದೂ ಮಾತಿಗೆ ತಡವರಿಸಿದವನಲ್ಲ. ಆಗ ತಡವರಿಸಿದ. "ಯಾರಂತೆ... ಸುದ್ದಿ ಹಬ್ಬಿಸಿದ್ದು?"

"ಯಜ್ಞೇಶ್. ಆದ್ರೆ ಅವ್ನ ಮೇಲೆ ಎಂತ ಸಿಟ್ಟು ಮಾಡುದು? ಅವ್ನು ಸುಳ್ಳು ಹೇಳುವವ್ನಲ್ಲ. ಮಿಶಿನ್ ಹಿಡಿದು ನೋಡಿದ್ದಾರಂತೆ. ನಾಳೆ ಎಂಬೆಸಿಗೂ ಫೋನ್ ಮಾಡ್ತಾನಂತೆ."

ವೆರೋನಿಕಾ ಬಾಯಿ ಊಟಕ್ಕೆ ಬಡಿಸಿದರು. ಸಂಕಟವಿದ್ದರೂ ಅಡುಗೆಯಲ್ಲಿ ಒಂದು ಹದ ತಪ್ಪಿರಲಿಲ್ಲ. ಅಂಜಲಿನ ದೊಡ್ಡ ತುಂಡನ್ನು ದೇಜಪ್ಪನ ತಟ್ಟೆಗೆ ಹಾಕಿ, "ತಿನ್ನಿ. ನೀವಾದ್ರೂ ಹೊಟ್ಟೆ ತುಂಬ ತಿನ್ನಿ. ಇನ್ನು ಎಷ್ಟು ಶುಕ್ರವಾರ ನಾವು ಇಲ್ಲಿರ್ತೇವೋ" ಎಂದರು.

ದೇಜಪ್ಪ ಅನ್ನ ಕಲಸಿದ. ಕಲಸುತ್ತಲೇ ಇದ್ದ. ಹೇಳಿಬಿಟ್ಟರೆ ಈ ಮನೆಯೂ ಹೋಯಿತು, ಯಜ್ಞೇಶನ ಮನೆಯೂ ಹೋಯಿತು, ಎಲ್ಲ ಮನೆಗಳೂ ಹೋದವು. ಹೇಳದಿದ್ದರೆ ಈ ಮನೆಯವರೇ ಊರಿಗೆ ಹೋಗುತ್ತಾರೆ. "ಕೋಳಿಯ ವಿಷ ಈಗ ಇಳಿದಿರಬಹುದು" ಎಂದು ಇನ್ನೊಂದು ಸುಳ್ಳು ಕಟ್ಟಲು ನೋಡಿದ. ಆದರೆ ಸೈಮನ್ ಮುಖ ಎತ್ತಿ ಅವನನ್ನೇ ನೋಡುತ್ತಿದ್ದ, ಏನಾದರೂ ಒಂದು ದಾರಿ ಹೇಳುತ್ತಾನೋ ಎಂಬಂತೆ.

"ಬಾಯಮ್ಮ," ಎಂದ ದೇಜಪ್ಪ, ತಟ್ಟೆ ಸರಿಸಿ. "ಕೋಳಿ ಕಿರುಚಿದ್ದಲ್ಲ. ನಾನು ಕಿರುಚಿಸಿದ್ದು."

ವೆರೋನಿಕಾ ಬಾಯಿಯವರಿಗೆ ಅವನು ಜೇಬಿನ ಮ್ಯಾಂಟಲ್ ತೋರಿಸಿ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ಅರ್ಥವಾದ ಮೇಲೆ ಅವರು ಕೊಂಕಣಿಯಲ್ಲಿ ಬೈದದ್ದನ್ನು ಬರೆಯುವಂತಿಲ್ಲ. ಸೈಮನ್ ಶರ್ಟು ಹಾಕಿಕೊಂಡು ಕಾರಿನ ಕೀ ತೆಗೆದ. ಮೂವರೂ ನೇರ ಯಜ್ಞೇಶನ ಮನೆಗೆ ಹೋದರು. ದೇಜಪ್ಪನ ಕೈಯಲ್ಲಿ ಅಂಜಲ್ ಸಾರಿನ ಹಳದಿ ಹಾಗೆಯೇ ಇತ್ತು.

ಯಜ್ಞೇಶನ ಟೀಪಾಯಿಯ ಮೇಲೆ ಅವನು ಮ್ಯಾಂಟಲನ್ನು ಇಟ್ಟ. ಇಷ್ಟು ದಿನ ಜೇಬಿನಲ್ಲಿದ್ದು ಅದು ಮೀನಿನ ವಾಸನೆ ಹಿಡಿದಿತ್ತು.

"ಇದು ಎಂತದು?" ಎಂದ ಯಜ್ಞೇಶ್.

"ನಿನ್ನ ಕೋಳಿಯ ಬಾಯಿ."

ಯಾರೂ ನಗಲಿಲ್ಲ. ದೇಜಪ್ಪ ನಡೆದದ್ದನ್ನೆಲ್ಲ ಹೇಳಿದ. ಸರ್ಫರಾಝನ ತಪ್ಪಿಲ್ಲ, ತಾನು ಕದ್ದದ್ದು ಎಂದೂ ಹೇಳಿದ. ಯಜ್ಞೇಶ್ ಎದ್ದು ನಿಂತ.

"ನನ್ನ ಮಗುವಿನ ವಿಷಯದಲ್ಲಿ ನಿಮಗೆ ಆಟ ಆಡ್ಲಿಕ್ಕೆ ಮನಸ್ಸು ಹೇಗೆ ಬಂತು ದೇಜಪ್ಪಣ್ಣ? ನಾನು ರಾತ್ರಿ ನಿದ್ದೆ ಮಾಡಿಲ್ಲ, ಗೊತ್ತುಂಟಾ? ಮೂರು ವಾರ ಕೋಳಿ ತಿನ್ನಿಸಿದೆ ಅಂತ ನನ್ನನ್ನು ನಾನೇ ಬೈಕೊಂಡದ್ದು ಎಷ್ಟು ಅಂತ ಗೊತ್ತುಂಟಾ? ಹೋಗಿ. ಇನ್ನು ಈ ಮನೆಗೆ ಬರ್ಬೇಡಿ."

ದೇಜಪ್ಪ ಕಂಪನಿಯ ಟೋಪಿ ತೆಗೆದು ಕೈಯಲ್ಲಿ ಹಿಡಿದು ಬಾಗಿಲ ಕಡೆ ತಿರುಗಿದ. ಟೋಪಿಯಿಲ್ಲದ ಅವನ ತಲೆಯನ್ನು ಆ ಮನೆಯವರು ನೋಡಿದ್ದು ಅದೇ ಮೊದಲು.

"ಹಾಗಾದ್ರೆ ನಾನೂ ಹೋಗ್ಬೇಕಾ?" ಎಂದಳು ಗ್ರೀಷ್ಮಾ.

"ನೀನ್ಯಾಕೆ?"

"ನಾನು ನೋಡಿದ್ದೆ. ಬಟ್ಟೆಯ ಒಳಗಿಂದ ಬಿಳೀ ಬಲೆ ಕಾಣ್ತಿತ್ತು. ನಮ್ಮ ಅಜ್ಜನ ಮನೆಯಲ್ಲಿ ಗ್ಯಾಸ್‌ಲೈಟ್ ಇತ್ತು, ನಂಗೆ ಮ್ಯಾಂಟಲ್ ಗೊತ್ತಾಗುದಿಲ್ವಾ?"

"ಹೆದರಿ ಮುಖ ಮುಚ್ಚಿಕೊಂಡಿದ್ದೆಯಲ್ಲ!"

"ನಗು ತಡೀಲಿಕ್ಕೆ ಆಗ್ಲಿಲ್ಲ." ಅವಳ ತುಟಿ ಮತ್ತೆ ನಡುಗಿತು, ಆದರೆ ಗಂಡನ ಮುಖ ನೋಡಿ ಗಂಭೀರಳಾದಳು. "ಬಂಗುಡೆ ಬೇಕಿತ್ತು ನಂಗೆ. ನೀವು ಪೇಪರ್ ಓದಿದ್ರಿ, ಜಪಾನಿನವ್ರಿಗೆ ಫೋನ್ ಮಾಡುದೊಂದು ಬಾಕಿ. ನಂಗೆ ಎಂತ ಬೇಕು ಅಂತ ಒಂದ್ಸಲವೂ ಕೇಳ್ಲಿಲ್ಲ. ನಿಮ್ಮ ನಿದ್ದೆ ಕೆಟ್ಟದ್ದು ನಂಗೆ ಗೊತ್ತಾಗ್ಲಿಲ್ಲ ರೀ. ಅದು ನನ್ನ ತಪ್ಪು. ಸೈಮನ್ ಅಂಕಲ್, ನಿಮಗೆ ಹೀಗೆ ಆಗ್ತದೆ ಅಂತ್ಲೂ ನಂಗೆ ಅಂದಾಜಿರ್ಲಿಲ್ಲ."

ಯಜ್ಞೇಶ್ ಸೋಫಾದ ಮೇಲೆ ಕುಸಿದ. ಹೆಂಡತಿಯನ್ನು ಹೊರಗೆ ಹಾಕುವಂತಿಲ್ಲ. ಅವಳಿಗಿಲ್ಲದ ಶಿಕ್ಷೆಯನ್ನು ದೇಜಪ್ಪನಿಗೆ ಕೊಡುವುದು ನ್ಯಾಯವೂ ಅಲ್ಲ. ನ್ಯಾಯದ ವಿಷಯದಲ್ಲಿ ಅವನು ಬಹಳ ಕಟ್ಟುನಿಟ್ಟು. ಕೊನೆಗೆ ಫೋನಿನ ಹತ್ತಿರ ಹೋಗಿ, ಹಿಂದೆ ಹೇಳಿದ್ದ ಪ್ರತಿಯೊಬ್ಬರಿಗೂ ಮತ್ತೆ ಫೋನ್ ಮಾಡತೊಡಗಿದ. "ಕೋಳಿಗೆ ಏನೂ ಆಗಿಲ್ಲ. ಹೌದು. ಮಿಶಿನ್ ಸರಿ ಇತ್ತು, ಮನುಷ್ಯ ಸರಿ ಇರ್ಲಿಲ್ಲ."

ಆದರೆ ಹೆದರಿಕೆ ಬೇಗ ಹಬ್ಬುತ್ತದೆ, ಧೈರ್ಯ ನಿಧಾನವಾಗಿ ಬರುತ್ತದೆ. ಫ್ರೀಜರ್ ತುಂಬಿಯೇ ಇತ್ತು. ಆಗ ವೆರೋನಿಕಾ ಬಾಯಿ ತೀರ್ಪು ಕೊಟ್ಟರು. "ದೇಜಪ್ಪಣ್ಣ, ಮೀನು ನೀವೇ ತರ್ಬೇಕು, ನೀವೇ ಕೊಯ್ಬೇಕು, ಮನೆಮನೆಗೆ ಕೊಡ್ಬೇಕು. ಊಟಕ್ಕೂ ಬರ್ಬೇಕು. ಆದ್ರೆ ನಮ್ಮ ಫ್ರೀಜರ್ ಖಾಲಿ ಆಗುವವರೆಗೆ ಎಲ್ಲಾ ಮನೆಯಲ್ಲೂ ನಿಮಗೆ ಕೋಳಿ ಮಾತ್ರ. ಹಗಲು ಅಂಗಡಿ ಮುಂದೆ ಕೂತು, ನಾಲ್ಕು ಜನ ನೋಡುವ ಹಾಗೆಯೂ ತಿನ್ಬೇಕು."

"ಮೀನಿನ ಸಾರಾದ್ರೂ..."

"ಸಾರೂ ಇಲ್ಲ."

ಮರುದಿನದಿಂದ ದೇಜಪ್ಪ ಡ್ಯೂಟಿಯ ನಡುವೆ ಪಿಕಪ್ಪನ್ನು ಗ್ರೋಸರಿಯ ಮುಂದೆ ನಿಲ್ಲಿಸಿ, ಮೆಟ್ಟಿಲ ಮೇಲೆ ಕೂತು, ಕೋಳಿಯ ಕಾಲನ್ನು ಎಲ್ಲರಿಗೂ ಕಾಣುವಂತೆ ಕಚ್ಚತೊಡಗಿದ. ಅದರಲ್ಲೂ ಅವನ ಬಾಯಿ ಸುಮ್ಮನಿರಲಿಲ್ಲ. "ಬನ್ನಿ, ನೋಡಿ, ಇನ್ನೂ ಸತ್ತಿಲ್ಲ!" ಎಂದು ಹೋಗುವವರನ್ನೆಲ್ಲ ಕರೆಯುತ್ತಿದ್ದ. ಪೇಶಾವರದ ಪಠಾಣನೂ ಬಂದು ಒಂದು ಕೋಳಿ ಕೊಂಡ. ಮಲಯಾಳಿಗಳು ಮೊದಲು ನಗಲು ಬಂದರು, ಆಮೇಲೆ ಅಕ್ಕಿಗೆ ಬಂದರು, ಆಮೇಲೆ ಕೋಳಿಗೂ ಬಂದರು. ತಿಂಗಳ ಕೊನೆಗೆ ಅರಬ ಬಂದು ಫ್ರೀಜರಿನೊಳಗೆ ಇಣುಕಿ, ತಳ ಕಾಣುವುದನ್ನು ನೋಡಿ, ತಲೆಯಾಡಿಸಿ ಹೋದ.

ಆ ವಾರದ ಶುಕ್ರವಾರ ಊಟ ವೆರೋನಿಕಾ ಬಾಯಿಯವರಲ್ಲಿ. ಯಜ್ಞೇಶ್, ಗ್ರೀಷ್ಮಾ, ಸರ್ಫರಾಝ್ ಎಲ್ಲರೂ ಬಂದಿದ್ದರು. ದೇಜಪ್ಪ ತಾನೇ ಕೊಯ್ದ ಬಂಗುಡೆಯನ್ನು ಎಲ್ಲರ ತಟ್ಟೆಯಲ್ಲೂ ನೋಡಿದ. ಯಜ್ಞೇಶ್ ಮುಳ್ಳು ಬಿಡಿಸುತ್ತ ಒಮ್ಮೆ ಅವನ ಕಡೆ ನೋಡಿ, ಇನ್ನೂ ಪೂರ್ತಿ ಮರೆತಿಲ್ಲವೆಂಬಂತೆ ಮುಖ ತಿರುಗಿಸಿದ. ಆದರೆ ನೀರಿನ ಜಗ್ಗನ್ನು ಅವನ ಕೈಗೆಟಕುವಂತೆ ಸರಿಸಿಟ್ಟ.

ದೇಜಪ್ಪನ ಮುಂದೆ ಕೋಳಿ ಗಸಿಯ ಬಟ್ಟಲು. ಅದರ ವಾಸನೆಗೇ ಅವನಿಗೆ 'ಕೊಕ್ಕೋ' ಎನ್ನುವಂತಾಗಿತ್ತು. ಉಂಡು ಮುಗಿಸುವಷ್ಟರಲ್ಲಿ ವೆರೋನಿಕಾ ಬಾಯಿ ಸೌಟು ಹಿಡಿದು ಪಕ್ಕದಲ್ಲಿ ನಿಂತರು.

"ಇನ್ನು ಸ್ವಲ್ಪ ಹಾಕ್ಲಾ?"

"ಕೋಳಿಯಾ ಬಾಯಮ್ಮ?"

"ಇನ್ನೂ ಅರ್ಧ ಕಾರ್ಟನ್ ಉಂಟು."

ಎಲ್ಲರೂ ಕೈ ನಿಲ್ಲಿಸಿ ಅವನನ್ನೇ ನೋಡಿದರು. ದೇಜಪ್ಪ ಗ್ರೀಷ್ಮಾಳ ತಟ್ಟೆಯ ಬಂಗುಡೆಯನ್ನು ಒಮ್ಮೆ ನೋಡಿದ, ಉಗುಳು ನುಂಗಿದ, ಮತ್ತೆ ತನ್ನ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಮುಂದೆ ಹಿಡಿದ.

"ಹಾಕಿ," ಎಂದ.